‘ಬೇಕಿತ್ತು’ ಅನ್ನಬಾರದ ಅರ್ಧ ಗಂಟೆ

ಪಾಠ ಮಾಡುವವರಿಗೆ ಬೆನ್ನಲ್ಲೂ ಎರಡು ಕಣ್ಣಿರುತ್ತವೆ ಎಂದು ಮಕ್ಕಳು ನಂಬುತ್ತಾರೆ. ನಂಬಲಿ ಬಿಡಿ, ಆ ನಂಬಿಕೆಯ ಮೇಲೆಯೇ ಅರ್ಧ ಶಾಲೆ ನಡೆಯುವುದು. ನಿಜ ಹೇಳಬೇಕೆಂದರೆ ಬೆನ್ನಲ್ಲಿರುವುದು ಕಣ್ಣಲ್ಲ, ರೂಢಿ. ಆ ರೂಢಿ ಎಂಥ ಕೆಲಸ ಮಾಡಿಸಿಬಿಡುತ್ತದೆ ಎನ್ನುವುದು ಲೆಕ್ಕದ ಟೀಚರಿಗೆ ಒಂದು ಮಂಗಳವಾರ, ಮೂರನೇ ಪೀರಿಯಡ್‌ನಲ್ಲಿ, ಏಳನೇ ತರಗತಿಯ ಬೋರ್ಡಿನ ಮುಂದೆ ಗೊತ್ತಾಯಿತು.

ಈ ಲೆಕ್ಕದ ಟೀಚರೆಂದರೆ ಸಾಮಾನ್ಯದವರಲ್ಲ. ಹತ್ತೊಂಬತ್ತು ವರ್ಷದ ಸರ್ವಿಸು. ಕೈವಾರವಿಲ್ಲದೆ ಅವರು ಬೋರ್ಡಿನ ಮೇಲೆ ಎಳೆದ ವೃತ್ತದಲ್ಲಿ ತಪ್ಪು ಹುಡುಕಹೋಗಿ ಸೋತವರುಂಟು. ಲೆಕ್ಕ ಎಂದರೆ ಹೊಟ್ಟೆನೋವು ಬರಿಸಿಕೊಳ್ಳುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗದರದೆ, ತಲೆಗೆ ಮೊಟಕದೆ, ಕಬ್ಬಿಣದ ಕಡಲೆಯಂಥ ಲೆಕ್ಕವನ್ನು ನೀರು ಕುಡಿದಷ್ಟು ಸಲೀಸು ಮಾಡಿಕೊಡುವ ಕೈ ಅದು. ದಿನಕ್ಕೆ ಆರು ಪೀರಿಯಡ್, ಚೀಲದ ತುಂಬ ತಿದ್ದಬೇಕಾದ ನೋಟ್‌ಬುಕ್ಕು, ಮನೆಯಲ್ಲಿ ಸೊಂಟದ ಮೂಳೆ ಮುರಿದುಕೊಂಡು ಮಲಗಿರುವ ಅತ್ತೆ. ಮುರಿದದ್ದು ಸೊಂಟವೇ ಹೊರತು ಅತ್ತೆಯ ನಾಲಿಗೆಗೆ ಏನೂ ಆಗಿರಲಿಲ್ಲ. ಇಷ್ಟೆಲ್ಲ ಹೊತ್ತುಕೊಂಡು, ಯಾರಾದರೂ "ಹೇಗಿದ್ದೀರಿ ಟೀಚರ್?" ಎಂದು ಕೇಳಿದರೆ "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುವುದು ಅವರ ಸಿದ್ಧ ಉತ್ತರ. ಎಲ್ಲರೂ ಅದನ್ನು ನಂಬಿದ್ದರು. ಅವರವರ ತಲೆ ಮೇಲೆ ಅವರವರ ಭಾರ ಇರುವಾಗ ನಂಬುವುದೇ ಸುಲಭ.

ಆ ದಿನ ಎರಡು ರೈಲುಗಳ ಲೆಕ್ಕ. ಒಂದು ಊರಿನಿಂದ ಒಂದು ರೈಲು, ಇನ್ನೊಂದು ಊರಿನಿಂದ ಇನ್ನೊಂದು. ಎದುರುಬದುರು ಹೊರಟರೆ ಎಲ್ಲಿ ಸಂಧಿಸುತ್ತವೆ? ಪ್ರತಿ ವರ್ಷ ಅದೇ ತಿಂಗಳಲ್ಲಿ ಅದೇ ಲೆಕ್ಕ. ಬೋರ್ಡಿಗೆ ಮುಖಮಾಡಿ ಬರೆಯುತ್ತಲೇ ಹಿಂದಕ್ಕೆ ಮಾತು ಎಸೆಯುವುದು ಟೀಚರ ಪದ್ಧತಿ. "ಕೊನೇ ಬೆಂಚು, ಕಾಗದದ ವಿಮಾನ ಕೆಳಗಿಳೀಲಿ." "ಬಾಗಿಲ ಹತ್ರ ಇರೋರು, ಹೊರಗೇನು ಮದುವೆ ನಡೀತಿದೆಯಾ?" ಹೀಗೆ ಅನ್ನುತ್ತ ವೇಗ ಬರೆದರು, ದೂರ ಬರೆದರು. ಕಿಟಕಿ ಪಕ್ಕದ ಎರಡನೇ ಬೆಂಚಿನಿಂದ ಸದ್ದೇ ಇಲ್ಲವಲ್ಲ ಎನ್ನಿಸಿತು. ತಿರುಗದೆಯೇ ಅಂದರು:

"ಏನೇ ಚಿನಕುರುಳಿ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀಯಾ ಇವತ್ತು?"

ತರಗತಿ ಗಪ್‌ಚಿಪ್ಪಾಯಿತು. ಮೂವತ್ತೆಂಟು ಮಕ್ಕಳು ಒಟ್ಟಿಗೆ ಸುಮ್ಮನಾದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಟೀಚರು ತಿರುಗಿ ನೋಡಿದರು. ಆ ಬೆಂಚಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಿದ್ದಳು. ಅದೇ ಅಗಲ ಹಣೆ, ಅದೇ ಎರಡು ಜಡೆ, ಅದೇ ಸ್ವಲ್ಪ ಮುಂದೆ ಬಂದ ಹಲ್ಲು. ಆದರೆ ಇವಳು ಚಿನಕುರುಳಿಯಲ್ಲ, ಚಿನಕುರುಳಿಯ ತಂಗಿ. ಚಿನಕುರುಳಿ ಸತ್ತು ಎರಡು ವರ್ಷವಾಗಿತ್ತು.

ಅಕ್ಕ ಕೂರುತ್ತಿದ್ದ ಜಾಗದಲ್ಲೇ ತಂಗಿಯೂ ಬಂದು ಕೂತದ್ದು ಬರೀ ಎತ್ತರದ ಲೆಕ್ಕಾಚಾರ. ಯಾರ ಹುನ್ನಾರವೂ ಅಲ್ಲ. ವರ್ಷದ ಮೊದಲ ದಿನದಿಂದ ಟೀಚರು ಆ ಬೆಂಚಿನ ಕಡೆ ನೇರ ನೋಡದೆ ಪಾಠ ಮಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಕಣ್ಣನ್ನೇನೋ ಹಿಡಿದಿಟ್ಟರು, ನಾಲಿಗೆಯನ್ನು ಹಿಡಿದಿಡಲಾಗಲಿಲ್ಲ. "ಮೇಡಂ?" ಎಂದಳು ಹುಡುಗಿ, ಕರೆದದ್ದು ತನ್ನನ್ನೇ ಇರಬೇಕೆಂದುಕೊಂಡು. "ಕೂತ್ಕೋ" ಎಂದಷ್ಟೇ ಹೇಳಿ ಟೀಚರು ಬೋರ್ಡಿಗೆ ತಿರುಗಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರ ರೈಲುಗಳು ತಪ್ಪು ಜಾಗದಲ್ಲಿ ಸಂಧಿಸಿದವು. ಮಕ್ಕಳು ಅದನ್ನೇ ಬರೆದುಕೊಂಡರು.

ಬುಧವಾರ ಹಾಜರಿ ಕರೆದಾಗ ಆ ಹುಡುಗಿ ಇರಲಿಲ್ಲ. ಗುರುವಾರವೂ ಇಲ್ಲ. ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸುಮ್ಮನೆ ಹೇಳಿದ್ದಾರೆಯೇ? ಮನೆಯಲ್ಲಿ ಅಡುಗೆಗೆ ಎರಡು ಸಲ ಉಪ್ಪು ಬಿತ್ತು. ಅತ್ತೆ ಮಲಗಿದಲ್ಲಿಂದಲೇ "ಸಮುದ್ರ ಮನೆಗೇ ಬಂದಿದೆಯಲ್ಲ!" ಎಂದು ಕೂಗಿದರು. ಗಂಡ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಂಡು ಎದ್ದ. ಟೀಚರು ಒಂದು ಹಾಳೆ ತೆಗೆದುಕೊಂಡು, ವೈಯಕ್ತಿಕ ಕಾರಣಗಳಿಂದ ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದೇನೆ ಎಂದು ಬರೆದರು. ಒಂದು ಮಗುವಿನ ಎದೆಗೆ ಹೀಗೆ ಬರೆ ಹಾಕಿದವಳು ಇನ್ನು ಯಾವ ಮುಖ ಹೊತ್ತು ಆ ಬೋರ್ಡಿನ ಮುಂದೆ ನಿಲ್ಲುವುದು ಎನ್ನುವುದೊಂದೇ ಅವರ ತಲೆಯಲ್ಲಿತ್ತು.

ಗುರುವಾರ ಸಂಜೆಯೇ ಕಾಗದ ಹೋದದ್ದು ಶಾಲೆಯ ಮುಖ್ಯಸ್ಥೆಯ ಕೈಗೆ. ಅವರನ್ನು ಎಲ್ಲರೂ ದೊಡ್ಡಮೇಡಂ ಎನ್ನುತ್ತಾರೆ. ಆಳು ನೋಡಿದರೆ ಐದಡಿಗೂ ಒಂದಿಂಚು ಕಡಿಮೆ. ಮೂವತ್ತು ವರ್ಷ ಭಾಷೆಯ ಪಾಠ ಮಾಡಿದವರು, ಎರಡೂವರೆ ವರ್ಷದ ಹಿಂದೆ ಈ ಶಾಲೆಗೆ ಬಂದವರು. ಕಾಗದ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದ ರಾಜೀನಾಮೆಗಳಲ್ಲಿ ಕಾಗುಣಿತ ತಪ್ಪಿಲ್ಲದ್ದು ಇದೊಂದೇ ಕಣ್ರಮ್ಮ."

"ತಮಾಷೆ ಬೇಡ ಮೇಡಂ."

"ತಮಾಷೆ ಅಲ್ಲ. ಕೂತ್ಕೊಳ್ಳಿ ಮೊದಲು. ವೈಯಕ್ತಿಕ ಕಾರಣ ಅಂದ್ರೆ ಯಾವುದು?"

"ಅತ್ತೆಗೆ ಹುಷಾರಿಲ್ಲ."

"ಅತ್ತೆ ಬಿದ್ದು ನಾಲ್ಕು ತಿಂಗಳಾಯ್ತು. ಆಗ ರಜ ತಗೊಳ್ಳಿ ಅಂದ್ರೆ, ನನಗೇನಾಗಿದೆ ಗುಂಡುಕಲ್ಲು ಅಂದವರು ನೀವೇ."

ಗುಂಡುಕಲ್ಲು ಆ ಕುರ್ಚಿಯಲ್ಲಿ ಕೂತು ಮೂಗು ಒರೆಸಿಕೊಂಡಿತು. "ಸತ್ತ ಮಗೂನ ಕೂಗಿದೆ ಮೇಡಂ. ತಂಗಿ ಎದುರಿಗೇ ಕೂಗಿದೆ. ಅವಳು ಎದ್ದು ನಿಂತ್ಲು. ಅವತ್ತಿಂದ ಶಾಲೆಗೇ ಬಂದಿಲ್ಲ."

ಇನ್ನೊಬ್ಬರಾಗಿದ್ದರೆ "ಅಯ್ಯೋ, ಅದಕ್ಯಾಕೆ ಇಷ್ಟು, ಬಾಯಿ ತಪ್ಪಿ ಬಂತು" ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ದೊಡ್ಡಮೇಡಂ ಹಾಗನ್ನಲಿಲ್ಲ. ಕಾಗದ ಮಡಚಿ ಡ್ರಾಯರಿನಲ್ಲಿಟ್ಟರು. ಆಮೇಲೆ ಹೇಳಿದರು: "ಈ ಕಾಗದ ತಿಂಗಳ ಕೊನೇವರೆಗೂ ನನ್ನ ಹತ್ರ ಇರುತ್ತೆ. ಒಪ್ಪಿಲ್ಲ, ಹರಿದೂ ಹಾಕಿಲ್ಲ. ಇರಿ ಅಂತ ನಿಮ್ಮನ್ನ ಪೀಡಿಸೋದೂ ಇಲ್ಲ. ನಾಳೆ ಏಳನೇ ತರಗತಿಗೆ ನೀವು ಹೋಗ್ತೀರೋ, ಬೇರೆ ಯಾರನ್ನಾದ್ರೂ ಕಳಿಸಲೋ?"

"ನಾನೇ ಹೋಗ್ತೀನಿ."

"ಹಾಗಾದ್ರೆ ಚಿತ್ರದ ಟೀಚರ್ ಬಂದು ಕೊನೇ ಬೆಂಚಲ್ಲಿ ಕೂತ್ಕೋತಾರೆ. ತಪ್ಪು ಹಿಡಿಯೋಕಲ್ಲ. ನೀವು ತಿರುಗಿದಾಗ ನಿಮ್ಮ ವಯಸ್ಸಿನ ಒಂದು ಮುಖ ಕಾಣಲಿ ಅಂತ. ಶನಿವಾರದ ನಮ್ಮ ಅರ್ಧ ಗಂಟೆಗೆ ಬನ್ನಿ. ಮಾತಾಡದಿದ್ರೂ ಪರವಾಗಿಲ್ಲ, ಟೀ ಕುಡಿದು ಹೋಗಿ."

ಶುಕ್ರವಾರ ಚಿತ್ರದ ಟೀಚರು ನಿಜವಾಗಿಯೂ ಬಂದರು. ಬೆರಳಿನ ತುಂಬ ನೀಲಿ ಬಣ್ಣ. ಮಕ್ಕಳ ಬೆಂಚಿನಲ್ಲಿ ಮೈ ಹಿಡಿಸದೆ ಅಡ್ಡ ಕೂತರು. ಲೆಕ್ಕದ ಟೀಚರು ಬೋರ್ಡಿನ ಮುಂದೆ ನಿಂತು, "ಮಂಗಳವಾರದ ಲೆಕ್ಕ ತಪ್ಪು. ತಪ್ಪು ಮಾಡಿದ್ದು ನಾನು. ಎಲ್ಲಿ ತಪ್ಪಿದೆ ಹುಡುಕಿ ನೋಡೋಣ" ಎಂದರು. ಮೇಡಂ ತಪ್ಪು ಮಾಡಿದ್ದಾರೆಂದರೆ ಬಿಡುತ್ತಾರೆಯೇ! ಗುಣಾಕಾರ ಕಂಡರೆ ಓಡುವವರೂ ಪುಸ್ತಕಕ್ಕೆ ಮುಗಿಬಿದ್ದರು. ಆ ಪೀರಿಯಡ್‌ನಷ್ಟು ಲೆಕ್ಕ ಆ ತರಗತಿ ಇಡೀ ತಿಂಗಳಲ್ಲಿ ಮಾಡಿರಲಿಲ್ಲ ಎಂದು ಚಿತ್ರದ ಟೀಚರು ಹೊರಗೆ ಬಂದು ಹೇಳಿದರು. ಆದರೆ ಲೆಕ್ಕದ ಟೀಚರ ಕೈಯಲ್ಲಿ ಅಷ್ಟರಲ್ಲಿ ಒಂದು ಚೀಟಿ ಇತ್ತು. ಪಕ್ಕದ ಮನೆಯ ಹುಡುಗಿಯೊಬ್ಬಳ ಕೈಲಿ ಆ ಮಗುವಿನ ತಾಯಿ ಕಳಿಸಿದ್ದು. ತಾಯಿ ದರ್ಜಿ ಅಂಗಡಿಯಲ್ಲಿ ಕೆಲಸ ಮಾಡುವವಳು; ಯಾರದೋ ರವಿಕೆಯ ಅಳತೆ ಬರೆದ ಹಾಳೆಯ ಹಿಂಬದಿಗೆ ಬರೆದಿದ್ದಳು: ಲೆಕ್ಕದ ಮೇಡಂ ಅವರನ್ನು ಸೋಮವಾರ ಕಾಣಬೇಕು, ಮಾತಾಡುವುದಿದೆ.

"ಮಾತಾಡುವುದಿದೆ" ಎನ್ನುವ ಪದ ಓದಿ ಎದೆ ಧಸಕ್ಕೆನ್ನದ ಟೀಚರು ಇನ್ನೂ ಹುಟ್ಟಿಲ್ಲ.

ಈಗ ಶನಿವಾರದ ಅರ್ಧ ಗಂಟೆಯ ವಿಷಯ ಹೇಳಬೇಕು. ದೊಡ್ಡಮೇಡಂ ಬಂದ ವರ್ಷವೇ ಶುರುಮಾಡಿದ ವ್ಯವಸ್ಥೆ ಅದು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಟೀಚರುಗಳು ಪುಸ್ತಕದ ಕೋಣೆಯಲ್ಲಿ ಸೇರಬೇಕು. ಅಲ್ಲಿರುವುದು ಒಂದನೇ ತರಗತಿಯ ಕುರ್ಚಿಗಳು. ದೊಡ್ಡವರು ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಟೀ ಬರುತ್ತದೆ. ವಾರದಲ್ಲಿ ಕೆಟ್ಟದ್ದೋ, ಕೆಣಕಿದ್ದೋ, ಒಂದು ಸಂಗತಿಯನ್ನು ಯಾರು ಬೇಕಾದರೂ ಹೇಳಬಹುದು. ಕೇಳುವವರು ಪ್ರಶ್ನೆ ಕೇಳಬಹುದು, ಬುದ್ಧಿ ಹೇಳುವಂತಿಲ್ಲ. ಮುಖ್ಯವಾಗಿ "ಬೇಕಿತ್ತು" ಎನ್ನುವ ಪದ ಆ ಕೋಣೆಯೊಳಗೆ ಬರಕೂಡದು. ನೀವು ಹೀಗೆ ಮಾಡಬೇಕಿತ್ತು, ಹಾಗೆ ಹೇಳಬೇಕಿತ್ತು, ಮೊದಲೇ ಯೋಚಿಸಬೇಕಿತ್ತು: ಯಾರ ಬಾಯಿಂದ ಬಂತೋ ಅವರು ಎಲ್ಲರ ಟೀ ಲೋಟ ತೊಳೆಯಬೇಕು. "ಮೂವತ್ತು ವರ್ಷ ಭಾಷೆ ಕಲಿಸಿದ್ದೀನಿ, ಆ ಪದದಿಂದ ಯಾರಿಗೂ ಉಪಕಾರವಾಗಿದ್ದು ಕಂಡಿಲ್ಲ" ಎಂದಿದ್ದರು ದೊಡ್ಡಮೇಡಂ.

ಬುದ್ಧಿ ಹೇಳಬೇಡಿ ಎಂದು ಮೇಷ್ಟರುಗಳಿಗೆ ಹೇಳುವುದು ಮೀನಿಗೆ ಈಜಬೇಡ ಎಂದ ಹಾಗೆ. ಮೊದಲ ಮೂರು ತಿಂಗಳು ಲೋಟ ತೊಳೆಯುವುದಕ್ಕೇ ಸರದಿ ನಿಂತರು. ಆಟದ ಮೇಷ್ಟರಂತೂ ಇಂದಿಗೂ ವಾರ ತಪ್ಪಿಸುವುದಿಲ್ಲ. ಆರಡಿ ಆಳು, ಕುತ್ತಿಗೆಗೆ ಸೀಟಿ, ಮನಸ್ಸು ಬೆಣ್ಣೆ, ಬಾಯಿ ಮಾತ್ರ ನಿಲ್ಲದು. ಯಾರಾದರೂ ಕಷ್ಟ ಶುರುಮಾಡಿ ಅರ್ಧಕ್ಕೆ ಬರುವಷ್ಟರಲ್ಲಿ "ಅಲ್ರೀ, ನೀವು ಅವನನ್ನ ಮೈದಾನಕ್ಕೆ ಕಳಿಸಬೇಕಿತ್ತು!" ಎಂದುಬಿಡುತ್ತಾರೆ, ತಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ, ಲೋಟದ ತಟ್ಟೆ ಅವರ ಮುಂದೆ ಬರುತ್ತದೆ.

ನಗಬೇಡಿ, ಕೆಲಸವಾದದ್ದು ಸಣ್ಣದಲ್ಲ. ಹೊಸದಾಗಿ ಬಂದ ವಿಜ್ಞಾನದ ಮೇಷ್ಟರು ಮೊದಮೊದಲು ಎಂಟನೇ ತರಗತಿಯಿಂದ ಹೊರಬಂದು ಪ್ರಯೋಗದ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದರು. ಅದನ್ನು ಅವರು ಬಾಯಿಬಿಟ್ಟದ್ದು ಈ ಚಿಕ್ಕ ಕುರ್ಚಿಯಲ್ಲಿ. ಯಾರೂ ಉಪಾಯ ಹೇಳಲಿಲ್ಲ. ಸರದಿಯ ಮೇಲೆ ಹೋಗಿ ಅವರ ತರಗತಿಯ ಹಿಂದೆ ಕೂತರು, "ಆ ಹೊತ್ತಿಗೆ ನಿಮಗೇನನ್ನಿಸ್ತು?" ಎಂದು ಕೇಳಿದರು, ತಮ್ಮ ತರಗತಿಗೂ ಅವರನ್ನು ಕರೆದರು. ಈಗ ಅದೇ ಎಂಟನೇ ತರಗತಿ ಅವರ ಹಿಂದೆ ಬಾಲದ ಹಾಗೆ ತಿರುಗುತ್ತದೆ.

ಲೆಕ್ಕದ ಟೀಚರು ಮಾತ್ರ ಅಲ್ಲಿಗೆ ಕಾಲಿಟ್ಟದ್ದು ಒಂದೇ ಸಲ. "ಕೂತು ಗೋಳು ಹೇಳ್ಕೊಳ್ಳೋಕೆ ನನಗೆ ಪುರುಸೊತ್ತಿಲ್ಲಪ್ಪ, ತಿದ್ದೋ ಪುಸ್ತಕ ಇವೆ" ಎಂದು ಎದ್ದುಬಂದವರು ಮತ್ತೆ ಹೋಗಿರಲಿಲ್ಲ. ಆ ಶನಿವಾರ ಹೋದರು. ಮೂಲೆಯ ಕುರ್ಚಿಯಲ್ಲಿ ಮುದುಡಿಕೊಂಡು ಕೂತರು. ವಿಜ್ಞಾನದ ಮೇಷ್ಟರು ಏನೋ ಒಡೆದ ಗಾಜಿನ ಕೊಳವೆಯ ಕಥೆ ಹೇಳಿದರು, ನಗು ಬಂತು, ಹೋಯಿತು. ಟೀ ಆರುತ್ತಿತ್ತು. ಯಾರೂ ಇವರ ಕಡೆ ತಿರುಗಿ ನೋಡದೆ ಇರುವುದರಲ್ಲೇ ಎಲ್ಲರ ದಾಕ್ಷಿಣ್ಯ ಕಾಣುತ್ತಿತ್ತು.

"ಚಿನಕುರುಳಿ ಹೋದ ಸುದ್ದಿ ಎರಡನೇ ಪೀರಿಯಡ್‌ಗೆ ಬಂತು" ಎಂದರು ಟೀಚರು ಇದ್ದಕ್ಕಿದ್ದ ಹಾಗೆ.

ಎಲ್ಲರೂ ಲೋಟ ಕೆಳಗಿಟ್ಟರು.

"ಮಿದುಳು ಜ್ವರ, ನಾಲ್ಕೇ ದಿನ. ಸೋಮವಾರ ಕ್ಲಾಸಲ್ಲಿ ಅರಳು ಹುರಿದ ಹಾಗೆ ಮಾತಾಡ್ತಿದ್ದೋಳು ಶುಕ್ರವಾರ ಇಲ್ಲ. ಮೂರನೇ ಪೀರಿಯಡ್ ನನಗೆ ಅದೇ ತರಗತಿ. ಭಿನ್ನರಾಶಿ ಇತ್ತು. ಹೋದೆ. ಮಕ್ಕಳೆಲ್ಲ ಅಳ್ತಿದ್ರು. ನಾನು ಛೇದ ಸಮ ಮಾಡೋದು ಹೇಗೆ ಅಂತ ಹೇಳಿಕೊಟ್ಟೆ. ಒಂದು ತಪ್ಪಿಲ್ಲದ ಹಾಗೆ ಪಾಠ ಮಾಡಿದೆ. ಹೊರಗೆ ಬಂದಾಗ ಎಲ್ಲರೂ, ಎಷ್ಟು ಗಟ್ಟಿ ನೀವು ಅಂದ್ರು. ನಾನೂ ಹೌದು ಅಂದ್ಕೊಂಡೆ. ಆಮೇಲೆ ಅದರ ಮಾತೇ ಬರಲಿಲ್ಲ. ಅವಳ ನೋಟ್‌ಬುಕ್ಕು ನನ್ನ ಹತ್ರ ತಿದ್ದೋಕೆ ಬಂದಿತ್ತು. ಅದನ್ನೂ ತಿದ್ದಿಟ್ಟೆ. ಹತ್ತಕ್ಕೆ ಒಂಬತ್ತು ಕೊಟ್ಟೆ."

ಅಲ್ಲಿಗೆ ದನಿ ಒಡೆಯಿತು. "ಅವತ್ತು ನಾನು ಪಾಠ ಬಿಟ್ಟು ಆ ಮಕ್ಕಳ ಜೊತೆ ಕೂತು ಅಳಬೇಕಿತ್ತು."

ಪದ ಬಂದೇಬಿಟ್ಟಿತು. ಆಟದ ಮೇಷ್ಟರು ಎದ್ದು ನಿಂತು, ಆರಡಿಯನ್ನೂ ಬಗ್ಗಿಸಿ, ಒಬ್ಬೊಬ್ಬರ ಮುಂದಿನ ಲೋಟವನ್ನೂ ತಟ್ಟೆಗೆ ಎತ್ತಿಟ್ಟುಕೊಂಡರು. "ಇವತ್ತಿಂದು ನಾನು ತೊಳೀತೀನಿ ಬಿಡಿ ಟೀಚರ್, ಅಭ್ಯಾಸ ಇದೆ" ಎಂದು ನಲ್ಲಿಯ ಕಡೆ ಹೋದರು. ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದರು. ವಾಪಸು ಬಂದಾಗ ಕಣ್ಣು ಕೆಂಪಗಿತ್ತು. ಆ ಹುಡುಗಿ ಓಟದಲ್ಲಿ ಯಾವಾಗಲೂ ಕೊನೆಗೆ ಬಂದು, ಕೊನೆಯಿಂದ ಮೊದಲು ತಾನೇ ಎಂದು ಬಹುಮಾನ ಕೇಳುತ್ತಿದ್ದಳು ಎಂದು ಹೇಳಿ, ನಗಲು ಹೋಗಿ ಅತ್ತರು.

ಆಮೇಲೆ ಮಾತಾಡಿದವರು ದೊಡ್ಡಮೇಡಂ. "ಅವತ್ತು ಗಂಟೆ ಹೊಡೆಸಿದವಳು ನಾನು" ಎಂದರು. "ಈ ಶಾಲೆಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಎರಡು ನಿಮಿಷ ಮೌನ ಮಾಡಿಸಿದೆ, ಮೂರನೇ ಪೀರಿಯಡ್ ಗಂಟೆ ಹೊಡೆಸಿದೆ. ನೀವು ಏಳು ಜನ ಪುಸ್ತಕ ತಗೊಂಡು ಒಬ್ಬೊಬ್ಬರೇ ಕಾರಿಡಾರಿನಲ್ಲಿ ನಡೆದುಹೋದ್ರಿ. ಯಾರೂ ಯಾರ ಮುಖಾನೂ ನೋಡಲಿಲ್ಲ. ಆ ಏಳು ಬೆನ್ನು ನನಗೆ ಇವತ್ತಿಗೂ ಕಾಣುತ್ತೆ. ಮುಂದಿನ ಶನಿವಾರವೇ ಈ ಅರ್ಧ ಗಂಟೆ ಶುರು ಮಾಡಿದ್ದು. ಯಾರಿಗೋಸ್ಕರ ಶುರು ಮಾಡಿದ್ನೋ ಅವರು ಬಂದು ಬಾಯಿಬಿಡೋಕೆ ಎರಡು ವರ್ಷ ಹಿಡೀತು ನೋಡಿ."

ಲೆಕ್ಕದ ಟೀಚರು ತಲೆ ಎತ್ತಿ ನೋಡಿದರು. ಇದು ಯಾವುದೋ ತರಬೇತಿಯಿಂದ ಹೊತ್ತು ತಂದ ಹೊಸ ಗೀಳು ಎಂದೇ ಅವರು ಅಷ್ಟು ದಿನ ಅಂದುಕೊಂಡಿದ್ದರು. ತಪ್ಪನ್ನು ತನ್ನದೆಂದು ಒಪ್ಪಿಕೊಂಡು, ಅದನ್ನು ಯಾರಿಗೂ ಸಾರದೆ, ವಾರವಾರವೂ ಚಿಕ್ಕ ಕುರ್ಚಿ ಹಾಕಿಸಿ, ಟೀ ತರಿಸಿ, ಬಾರದವರಿಗಾಗಿ ಕಾಯುವುದು ಎಂದರೇನು ಸಾಮಾನ್ಯವೇ? ಐದಡಿಗೆ ಒಂದಿಂಚು ಕಡಿಮೆಯಿದ್ದರೂ ದೊಡ್ಡಮೇಡಂ ಎನ್ನುವುದು ಸುಮ್ಮನೆ ಬಂದ ಹೆಸರಲ್ಲ. ಆ ದಿನ ಟೀಚರು ಎಲ್ಲರ ಮುಂದೆ, ಸೆರಗು ಒದ್ದೆಯಾಗುವಷ್ಟು ಅತ್ತರು. ಚಿತ್ರದ ಟೀಚರ ನೀಲಿ ಬೆರಳು ಅವರ ಬೆನ್ನ ಮೇಲೆ ಇತ್ತು. ಯಾರೂ ಸಮಾಧಾನ ಮಾಡಿಕೊಳ್ಳಿ ಎನ್ನಲಿಲ್ಲ.

ಅತ್ತದ್ದರಿಂದ ಹಗುರವಾಯಿತು ನಿಜ, ಆದರೆ ಸೋಮವಾರ ತಪ್ಪಲಿಲ್ಲ. ರಾಜೀನಾಮೆಯ ಮಾತನ್ನೂ ಅವರು ಹಿಂದೆ ತೆಗೆದುಕೊಂಡಿರಲಿಲ್ಲ. ಅಳು ಬೇರೆ, ಆ ತಾಯಿಯ ಮುಖ ನೋಡುವುದು ಬೇರೆ. ಅವಳು ಬೈದರೆ ಬೈಯಿಸಿಕೊಳ್ಳುವುದು, ಆಮೇಲೆ ಗಂಟುಮೂಟೆ ಕಟ್ಟುವುದು ಎಂದು ತೀರ್ಮಾನಿಸಿಕೊಂಡೇ ಬಂದಿದ್ದರು. "ನಾನೂ ಬಂದು ಕೂರಲಾ?" ಎಂದು ದೊಡ್ಡಮೇಡಂ ಕೇಳಿದಾಗ, ಹತ್ತೊಂಬತ್ತು ವರ್ಷದಲ್ಲಿ ಯಾವುದಕ್ಕೂ ಯಾರನ್ನೂ ಜೊತೆಗೆ ಕರೆಯದವರು "ಬನ್ನಿ ಮೇಡಂ" ಎಂದರು.

ತಾಯಿ ಪುಸ್ತಕದ ಕೋಣೆಗೆ ಬಂದಳು. ಸಣಕಲು ಹೆಂಗಸು, ಆತುರದಲ್ಲಿ ಅಳತೆಯ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆಯುವುದನ್ನೇ ಮರೆತಿದ್ದಳು. ಲೆಕ್ಕದ ಟೀಚರು ಅವಳು ಕೂರುವುದಕ್ಕೂ ಕಾಯಲಿಲ್ಲ. ಎದ್ದು ನಿಂತು, "ನನ್ನಿಂದ ತಪ್ಪಾಯ್ತಮ್ಮ. ನಿಮ್ಮ ಚಿಕ್ಕ ಮಗಳ ಮುಂದೆ ಆ ಮಾತು ನನ್ನ ಬಾಯಿಂದ ಬಂತು. ಅವಳು ಅದಕ್ಕೇ ಶಾಲೆಗೆ ಬರ್ತಿಲ್ಲ, ಗೊತ್ತು" ಎಂದರು.

"ಅದಕ್ಯಾಕೆ ಮೇಡಂ?" ಎಂದಳು ತಾಯಿ ಕಕ್ಕಾಬಿಕ್ಕಿಯಾಗಿ. "ಅವಳಿಗೆ ನೆಗಡಿ ಜ್ವರ. ಮೂಗು ನಲ್ಲಿ ಥರ ಸುರೀತಿತ್ತು, ಅದಕ್ಕೇ ಕಳಿಸಿರಲಿಲ್ಲ. ಇವತ್ತು ಬಂದಿದ್ದಾಳೆ, ಕ್ಲಾಸಲ್ಲಿದ್ದಾಳೆ."

ಇಷ್ಟು ದಿನ ಉಪ್ಪು ಹೆಚ್ಚು ಹಾಕಿ, ನಿದ್ದೆಗೆಟ್ಟು, ರಾಜೀನಾಮೆ ಬರೆದದ್ದು ಒಂದು ನೆಗಡಿಗೆ! ದೊಡ್ಡಮೇಡಂ ಕೆಮ್ಮಿದ ಹಾಗೆ ಮಾಡಿ ಕಿಟಕಿಯ ಕಡೆ ತಿರುಗಿಕೊಂಡರು.

ತಾಯಿ ಚಿಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಮಂಗಳವಾರ ಅವಳು ಮನೆಗೆ ಬಂದು, ಅಮ್ಮ, ಲೆಕ್ಕದ ಮೇಡಂ ನನ್ನನ್ನ ಚಿನಕುರುಳಿ ಅಂದ್ರು, ಅಕ್ಕ ಅಂತ ಅಂದ್ಕೊಂಡ್ರು ಅಂದ್ಲು. ಎಷ್ಟು ಖುಷಿಯಾಗಿ ಹೇಳಿದ್ಲು ಗೊತ್ತಾ? ಮನೇಲಿ ಎರಡು ವರ್ಷದಿಂದ ನಾವು ಯಾರೂ ದೊಡ್ಡೋಳ ಮಾತೇ ಎತ್ತಲ್ಲ. ನಾನು ಎತ್ತಿದ್ರೆ ಅವರಪ್ಪ ಅಳ್ತಾರೆ, ಅವರು ಎತ್ತಿದ್ರೆ ನಾನು." ಅವಳು ತಡೆದಳು. "ನಾನು ಕೇಳೋಕೆ ಬಂದಿದ್ದು ಅದಲ್ಲ ಮೇಡಂ. ಚಿನಕುರುಳಿ ಅಂದ್ರೆ ನಿಜವಾಗ್ಲೂ ನಮ್ಮ ದೊಡ್ಡೋಳೇನಾ?"

"ಅಂದ್ರೆ? ನಿಮ್ಮ ಮಗಳೇ."

"ಯಾಕೆ ಹಾಗೆ ಕರೀತಿದ್ರಿ?"

"ಮತ್ತೆ ಇನ್ನೇನು ಕರೆಯೋದು? ಒಂದು ನಿಮಿಷ ಬಾಯಿ ಮುಚ್ಚಿದೋಳಲ್ಲ. ಪಟಪಟ, ಪಟಪಟ, ಇಡೀ ದಿನ."

ತಾಯಿಯ ಬಾಯಿ ಅರ್ಧ ತೆರೆದಿತ್ತು. "ಅವಳು ಮನೇಲಿ ಮಾತೇ ಆಡ್ತಿರಲಿಲ್ಲ ಮೇಡಂ" ಎಂದಳು. "ಅವರಪ್ಪಂಗೆ ಕಾರ್ಖಾನೇಲಿ ರಾತ್ರಿ ಪಾಳಿ. ಹಗಲೆಲ್ಲ ಮಲಗಿರ್ತಾರೆ. ಸದ್ದು ಮಾಡಬೇಡಿ, ಸದ್ದು ಮಾಡಬೇಡಿ ಅಂತ ಹೇಳಿ ಹೇಳಿ ಬೆಳೆಸಿದ್ದು ನಾನೇ. ಅವಳು ಬೆಕ್ಕಿನ ಹೆಜ್ಜೆ ಇಟ್ಕೊಂಡು ಅನ್ನಕ್ಕಿಟ್ಟು, ತಂಗಿ ಜಡೆ ಹಾಕಿ, ಪಾತ್ರೆ ಕೂಡ ಶಬ್ದ ಬರದ ಹಾಗೆ ಇಡ್ತಿದ್ಲು. ನಾನು ಅಂಗಡಿಯಿಂದ ಬರೋಷ್ಟರಲ್ಲಿ ನಿದ್ದೆ ಹೋಗಿರ್ತಿದ್ಲು. ಪಾಪ, ಬಾಯಿಲ್ಲದ ಮಗು, ಒಂದು ಮಾತೂ ಆಡದೆ ಹೋಗಿಬಿಡ್ತು ಅಂತ ಅದೇ ಕೊರಗು ನನಗೆ. ಈಗ ನೋಡಿದ್ರೆ ಮಾತಿನ ಮಲ್ಲಿ ಅಂತೀರಿ." ಅವಳು ಮುಂದಕ್ಕೆ ಬಾಗಿದಳು. "ನನಗೆ ಗೊತ್ತೇ ಇಲ್ಲದ ಮಗಳು ನಿಮ್ಮ ಹತ್ರ ಇದ್ದಾಳೆ ಮೇಡಂ. ಅವಳು ಹೇಗಿದ್ಲು? ಹೇಳಿ."

ಅಷ್ಟು ಹೊತ್ತಿಗೆ ಗಂಟೆ ಹೊಡೆಯಿತು. ಏಳನೇ ತರಗತಿ, ಲೆಕ್ಕ. ಟೀಚರ ಕೈ ತಾನಾಗಿ ಪುಸ್ತಕದ ಕಡೆ ಹೋಯಿತು. ದೊಡ್ಡಮೇಡಂ ಅದಕ್ಕೂ ಮೊದಲೇ ಆ ಪುಸ್ತಕ ಎತ್ತಿಕೊಂಡಿದ್ದರು. "ನೀವು ಕೂತ್ಕೊಳ್ಳಿ. ನಾನು ಹೋಗ್ತೀನಿ. ನನಗಂತೂ ಲೆಕ್ಕ ಬರಲ್ಲ, ಮಕ್ಕಳೇ ನನಗೆ ಹೇಳಿಕೊಡಲಿ" ಎಂದು ಹೇಳಿ, ಬಾಗಿಲು ಎಳೆದುಕೊಂಡು ಹೋದರು.

ಲೆಕ್ಕದ ಟೀಚರು ಮೊದಲು ತಡವರಿಸಿದರು. ಆಮೇಲೆ ಒಂದೊಂದಾಗಿ ಬಂದವು. ಎರಡು ರೈಲುಗಳ ಲೆಕ್ಕದ ದಿನ ಕೈ ಎತ್ತಿ, "ಮೇಡಂ, ರೈಲು ಸಂಧಿಸಿದಾಗ ಒಳಗಿರೋರು ಒಬ್ಬರಿಗೊಬ್ಬರು ಟಾಟಾ ಮಾಡ್ತಾರಾ? ಮಾಡದಿದ್ರೆ ಸಂಧಿಸಿ ಏನು ಪ್ರಯೋಜನ?" ಎಂದು ಕೇಳಿದ್ದು. ಊಟದ ಬಿಡುವಿನಲ್ಲಿ ಮರದ ಕೆಳಗೆ ನ್ಯಾಯಾಲಯ ನಡೆಸಿ, ಪೆನ್ಸಿಲು ಕದ್ದವನಿಗೆ ಮೂರು ದಿನ ಯಾರನ್ನೂ ಚಿವುಟದಿರುವ ಶಿಕ್ಷೆ ಕೊಟ್ಟದ್ದು. ಒಂದು ದಿನ ಟೀಚರು ತರಗತಿಗೆ ಐದು ನಿಮಿಷ ತಡವಾಗಿ ಬಂದರೆ, ಇವಳು ಬೋರ್ಡಿನ ಮುಂದೆ ನಿಂತು, ಕಿವಿಯ ಹಿಂದೆ ಸೀಮೆಸುಣ್ಣ ಸಿಕ್ಕಿಸಿಕೊಂಡು, "ಶೇಷ ಎಲ್ಲಿ ಹೋಯ್ತು? ಕಾಲು ಬಂತಾ ಅದಕ್ಕೆ?" ಎಂದು ಥೇಟ್ ಇವರ ದನಿಯಲ್ಲೇ ಪಾಠ ಮಾಡುತ್ತಿದ್ದದ್ದು.

"ನೀವು ಬೈಲಿಲ್ವಾ?"

"ಬೈಯೋದೆಲ್ಲಿ ಬಂತು! ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿ, ಕಾರಿಡಾರಿನಲ್ಲೇ ಗೋಡೆ ಹಿಡ್ಕೊಂಡು ನಿಂತುಬಿಟ್ಟೆ. ಒಳಗೆ ಬಂದ ಮೇಲೆ ಕೇಳಿದ್ಲು: ಮೇಡಂ, ನಾನು ಚೆನ್ನಾಗಿ ಮಾಡಿದ್ನಾ, ನೀವು ಚೆನ್ನಾಗಿ ಮಾಡ್ತೀರಾ?"

ತಾಯಿ ನಕ್ಕಳು. ಮೊದಲು ಸೆರಗಿನ ಹಿಂದೆ, ಆಮೇಲೆ ಸೆರಗು ಬಿಟ್ಟು. ನಗುನಗುತ್ತಲೇ ಕಣ್ಣಲ್ಲಿ ನೀರು ಧಾರಾಕಾರ ಇಳಿಯಿತು. ಅವಳು ಅದನ್ನು ಒರೆಸುವ ಗೋಜಿಗೂ ಹೋಗಲಿಲ್ಲ. "ನಿಮ್ಮ ಥರ ಮಾಡಿ ತೋರಿಸಿದ್ಲಾ? ಅವಳು? ನಮ್ಮ ದೊಡ್ಡೋಳು?" ಎಂದು ಮತ್ತೆ ಮತ್ತೆ ಕೇಳಿದಳು. ಟೀಚರು ಎದ್ದು ನಿಂತು ಅವಳು ಹೇಗೆ ಮಾಡಿದ್ದಳೆಂದು ಮಾಡಿ ತೋರಿಸಿದರು. ತನ್ನನ್ನು ಅಣಕಿಸಿದವಳನ್ನು ತಾನೇ ಅಣಕಿಸುತ್ತ, ಸೊಂಟಕ್ಕೆ ಕೈಯಿಟ್ಟು, ಎರಡು ವರ್ಷದಿಂದ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ ಆ ಮಗುವನ್ನು ಅದರ ತಾಯಿಯ ಮುಂದೆ ನಿಲ್ಲಿಸಿದರು.

ಅಂಗಡಿಗೆ ಮರಳುವ ಹೊತ್ತಾಯಿತೆಂದು ತಾಯಿ ಎದ್ದಳು. ಎದ್ದವಳು ಹೊರಡಲಿಲ್ಲ. "ಇನ್ನೂ ಇದೆಯಾ ಮೇಡಂ?"

"ಒಂದೂವರೆ ವರ್ಷ ನನ್ನ ಕ್ಲಾಸಲ್ಲಿದ್ದೋಳು. ಒಂದು ದಿನಕ್ಕೆ ಮುಗಿಯುತ್ತಾ?"

"ಹಾಗಾದ್ರೆ ಮುಂದಿನ ವಾರ ಅವರಪ್ಪನ್ನೂ ಕರ್ಕೊಂಡು ಬರ್ತೀನಿ. ಒಂದು ಹಗಲು ನಿದ್ದೆ ಕೆಟ್ರೆ ಕೆಡಲಿ. ಆಮೇಲೂ ಬರ್ತೀವಿ, ತಿಂಗಳಿಗೊಂದು ಸಲನಾದ್ರೂ." ಬಾಗಿಲ ಹತ್ತಿರ ಹೋದವಳು ಯಾವುದೋ ಭಯ ನೆನಪಾದವಳಂತೆ ತಿರುಗಿದಳು. "ನೀವು ಇಲ್ಲೇ ಇರ್ತೀರಲ್ಲ ಮೇಡಂ? ಎಲ್ಲಿಗೂ ಹೋಗಿಬಿಡಲ್ಲ ತಾನೆ?"

"ಇರ್ತೀನಿ" ಎಂದರು ಲೆಕ್ಕದ ಟೀಚರು. ಕೊನೆಯ ಬೆಂಚಿಗೂ ಕೇಳಿಸುವಷ್ಟು ಗಟ್ಟಿಯಾಗಿ ಬಂತು ಆ ಮಾತು.